ಅಮೆರಿಕದ ಮೊದಲ ಸ್ಪೋರ್ಟ್ಸ್ ಕಾರು ಯಾವುದು? ಸುಮ್ನೆ ಕಾರ್ವೆಟ್ ಅನ್ನಬೇಡಿ

ಹಳೇಗಾಡಿ:
ಎಲ್ಲಿ ನೋಡಿದರೂ 1953ರ ಷೆವರ್ಲೆ ಕಾರ್ವೆಟ್ ಅಮೆರಿಕದ ಮೊದಲ ಸ್ಪೋರ್ಟ್ಸ್ ಕಾರು ಅಂತ ಬರೆದಿರುತ್ತಾರೆ. ಸ್ವಲ್ಪ ಒಳಗೆ ಇಳಿದು ಓದಿದರೆ ಅದರಲ್ಲಿ ಇದ್ದದ್ದು ಎರಡೇ ಗೇರಿನ ಆಟೋಮ್ಯಾಟಿಕ್. ಎಂಜಿನ್ ಮನೆಮಂದಿ ಓಡಾಡುವ ಸೆಡಾನ್‌ನದ್ದು. ಬಾಗಿಲಿಗೆ ಹೊರಗಡೆ ಹಿಡಿಕೆ ಇಲ್ಲ, ಏರಿಸಿ ಇಳಿಸುವ ಕಿಟಕಿ ಗಾಜು ಇಲ್ಲ, ಮಳೆ ಬಂದರೆ ಪ್ಲಾಸ್ಟಿಕ್ ಪರದೆ ಸಿಕ್ಕಿಸಿಕೊಳ್ಳಬೇಕು. ಬೆಲೆ ಮಾತ್ರ 3,498 ಡಾಲರ್. ಇಂಥದ್ದಕ್ಕೆ ಜನ ಇವತ್ತಿಗೂ ಯಾಕೆ ಪ್ರಾಣ ಬಿಡುತ್ತಾರೆ? ಅದಕ್ಕಿಂತ ಮೊದಲು ಅಲ್ಲಿ ಸ್ಪೋರ್ಟ್ಸ್ ಕಾರೇ ಇರಲಿಲ್ವಾ? ಗೊತ್ತಿರುವವರು ಹೇಳಿ. ಮಸ್ಟಾಂಗ್ ಬೇಡ, ಅದು 1964ರ ಕತೆ, ಅದಕ್ಕೆ ಬೇರೆ ಜಗಳ ಆಡೋಣ.

ಸ್ಪ್ಯಾನರ್ ಸುಬ್ಬಿ:
ಇತ್ತು ಗುರು. ನಲವತ್ತು ವರ್ಷ ಮೊದಲೇ ಇತ್ತು. ಮರ್ಸರ್ ರೇಸ್‌ಅಬೌಟ್, ಸ್ಟಟ್ಜ್ ಬೇರ್‌ಕ್ಯಾಟ್. ಇವೆರಡನ್ನು ಬಿಟ್ಟು ಈ ಮಾತು ಶುರು ಮಾಡುವ ಹಾಗೇ ಇಲ್ಲ.

ಮೂರುಗೇರು:
ಸುಬ್ಬಿ ಅಣ್ಣ ಹೆಸರು ಹೇಳಿ ಜಾರಿಕೊಂಡರು, ಬಿಡಿಸಿ ಹೇಳುವ ಕೆಲಸ ನನಗೆ ಬಿತ್ತು.

ಮರ್ಸರ್ ಕಂಪನಿ ಇದ್ದದ್ದು ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ. ಮರ್ಸರ್ ಅನ್ನುವುದು ಆ ಕೌಂಟಿಯ ಹೆಸರು. ಹಣ ಹಾಕಿದವರಲ್ಲಿ ರೋಬ್ಲಿಂಗ್ ಮನೆತನದವರು ಇದ್ದರು, ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟಿದ ಅದೇ ಮನೆತನ. ಫಿನ್ಲೆ ರಾಬರ್ಟ್‌ಸನ್ ಪೋರ್ಟರ್ ಅನ್ನುವ ಎಂಜಿನಿಯರ್ ಟೈಪ್ 35 ಅನ್ನು ರೂಪಿಸಿದ. ರೇಸ್‌ಅಬೌಟ್ ಅಂದರೆ ಅದರ ಎರಡು ಸೀಟಿನ ಮಾದರಿ, 1911ರಿಂದ ಮಾರಾಟಕ್ಕೆ ಬಂತು. 4.9 ಲೀಟರಿನ ನಾಲ್ಕು ಸಿಲಿಂಡರ್, ಶಕ್ತಿ 58 ಹಾರ್ಸ್‌ಪವರ್ ಆಸುಪಾಸು. ಟಿ-ಹೆಡ್ ಎಂಜಿನ್. ಒಳಗೆ ಎಳೆದುಕೊಳ್ಳುವ ವಾಲ್ವ್‌ಗಳು ಒಂದು ಪಕ್ಕ, ಹೊಗೆ ಬಿಡುವ ವಾಲ್ವ್‌ಗಳು ಇನ್ನೊಂದು ಪಕ್ಕ, ಎರಡಕ್ಕೂ ಬೇರೆ ಬೇರೆ ಕ್ಯಾಮ್‌ಶಾಫ್ಟ್, ಅಂದರೆ ವಾಲ್ವ್ ತೆರೆಯುವ ದಂಡ. ಆಗಿನ ಪೆಟ್ರೋಲು ಕಳಪೆ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಜಾಸ್ತಿ ಇಟ್ಟರೆ ಪೆಟ್ರೋಲು ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಎಂಜಿನ್ ನಾಕ್ ಹೊಡೆಯುತ್ತಿತ್ತು. ಶಕ್ತಿ ಬೇಕು ಅಂದರೆ ಇರುವ ದಾರಿ ದೊಡ್ಡ ದೊಡ್ಡ ವಾಲ್ವ್ ಇಡುವುದು, ಟಿ-ಹೆಡ್‌ನಲ್ಲಿ ಅದಕ್ಕೆ ಜಾಗ ಇತ್ತು.

ಬಾಡಿ ಅನ್ನುವಂಥದ್ದು ಇಲ್ಲವೇ ಇಲ್ಲ. ಬಾನೆಟ್, ಎರಡು ಸೀಟು, ಹಿಂದೆ ದುಂಡನೆಯ ಪೆಟ್ರೋಲ್ ಟ್ಯಾಂಕ್, ಅದರ ಹಿಂದೆ ಸ್ಟೆಪ್ನಿ. ಬಾಗಿಲಿಲ್ಲ, ಮೇಲೆ ಹೊದಿಕೆ ಇಲ್ಲ. ಡ್ರೈವರ್ ಮುಖದ ಮುಂದೆ ಸ್ಟಿಯರಿಂಗ್ ಕಂಬಕ್ಕೆ ಕಚ್ಚಿಸಿದ ಒಂದು ದುಂಡು ಗಾಜು, ಪಕ್ಕದಲ್ಲಿ ಕೂತವರಿಗೆ ಅದೂ ಇಲ್ಲ. ಸ್ಟಿಯರಿಂಗ್ ಬಲಗಡೆ, ನಮ್ಮ ಕಾರುಗಳ ಹಾಗೇ. ಗೇರ್ ಲಿವರ್, ಹ್ಯಾಂಡ್‌ಬ್ರೇಕ್ ಎರಡೂ ಹೊರಗಡೆ. ಆಕ್ಸಿಲರೇಟರ್ ಪೆಡಲ್ ಕೂಡ ಹೊರಗೇ, ಬಲಗಾಲು ಆಚೆ ಚಾಚಿ ಒತ್ತಬೇಕು. ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ. ಇಷ್ಟೆಲ್ಲ ಇಟ್ಟುಕೊಂಡು ಗಂಟೆಗೆ 70 ಮೈಲಿ ಓಡುತ್ತದೆ ಅಂತ ಕಂಪನಿ ಗ್ಯಾರಂಟಿ ಕೊಡುತ್ತಿತ್ತು. ಅಂದರೆ 112 ಕಿಲೋಮೀಟರ್, ಅದೂ 1911ರ ರಸ್ತೆಗಳಲ್ಲಿ!

ಅದೇ ವರ್ಷ ಮೊದಲ ಇಂಡಿಯಾನಾಪೊಲಿಸ್ 500 ರೇಸ್ ನಡೆಯಿತು. ಎರಡು ಮರ್ಸರ್ ಓಡಿದವು, 12ನೇ ಮತ್ತು 15ನೇ ಸ್ಥಾನ. ಅದೇನು ಮಹಾ ಅಂತ ಕೇಳಬಹುದು. ಗೆದ್ದ ಮಾರ್ಮನ್ ವಾಸ್ಪ್‌ನ ಎಂಜಿನ್ 7.8 ಲೀಟರ್, ಅದು ರೇಸಿಗೆ ಅಂತಲೇ ಕಟ್ಟಿದ ಕಾರು. ಮರ್ಸರ್ ಹೆಚ್ಚುಕಡಿಮೆ ಶೋರೂಮಿನಲ್ಲಿ ಸಿಗುತ್ತಿದ್ದ ಕಾರು. ಮುಂದೆ 1912ರಲ್ಲಿ ಮರ್ಸರ್‌ಗೆ ಮೂರನೇ ಸ್ಥಾನ ಬಂತು, 1913ರಲ್ಲಿ ಎರಡನೇದು. ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ವಾಷಿಂಗ್ಟನ್ ರೋಬ್ಲಿಂಗ್ (ಸೇತುವೆ ಕಟ್ಟಿದವನಲ್ಲ, ಅದೇ ಹೆಸರಿನ ಅವನ ತಮ್ಮನ ಮಗ) ಇದನ್ನೆಲ್ಲ ನೋಡಲಿಲ್ಲ, 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗಿನಲ್ಲಿ ಸತ್ತ.

ಬರೀ ಓದುಗ:
ಬಾಗಿಲಿಲ್ಲ, ಗಾಜಿಲ್ಲ, ಮುಂದಿನ ಬ್ರೇಕಿಲ್ಲ. ಇದು ಕಾರಾ, ಶಿಕ್ಷೆಯಾ?

ವೀಣಾ ವಿಂಟೇಜ್:
ಶಿಕ್ಷೆಯೇ, ಆದರೆ ಸಾಲು ನಿಂತು ಕೊಂಡುಕೊಳ್ಳುವ ಶಿಕ್ಷೆ :)

ಮೂರುಗೇರು ಅವರು ಸ್ಟಟ್ಜ್ ಬಿಟ್ಟರು. ಬೇಕಂತಲೇ ಬಿಟ್ಟಿರಬೇಕು, ಅವರು ಮೊದಲಿಂದಲೂ ಮರ್ಸರ್ ಪಕ್ಷ. ಹ್ಯಾರಿ ಸ್ಟಟ್ಜ್ ಇಂಡಿಯಾನಾಪೊಲಿಸ್‌ನಲ್ಲಿ ತನ್ನ ಮೊದಲ ಕಾರನ್ನು ಐದೇ ವಾರದಲ್ಲಿ ಕಟ್ಟಿ ಸೀದಾ ಅದೇ 1911ರ ರೇಸಿಗೆ ಇಳಿಸಿದ. ಬಂದದ್ದು 11ನೇ ಸ್ಥಾನ, ಎರಡೂ ಮರ್ಸರ್‌ಗಳಿಗಿಂತ ಮುಂದೆ! ಹೊಚ್ಚ ಹೊಸ ಕಾರು ಕೈಕೊಡದೆ 500 ಮೈಲಿ ಮುಗಿಸಿತಲ್ಲ, ಅದನ್ನೇ ಹಿಡಿದುಕೊಂಡು ಒಂದೇ ದಿನದಲ್ಲಿ ಹೆಸರು ಮಾಡಿದ ಕಾರು ಅಂತ ಜಾಹೀರಾತು ಕೊಟ್ಟ. ಮುಂದಿನ ವರ್ಷ ಬೇರ್‌ಕ್ಯಾಟ್ ಬಂತು. ವಿಸ್ಕಾನ್ಸಿನ್ ಕಂಪನಿಯಿಂದ ತಂದ 6.4 ಲೀಟರ್ ಎಂಜಿನ್, 60 ಹಾರ್ಸ್‌ಪವರ್, ಗೇರ್‌ಬಾಕ್ಸನ್ನು ಹಿಂದಿನ ಆಕ್ಸಲ್ ಜೊತೆ ಸೇರಿಸಿ ಕೂರಿಸಿದ್ದ. ಬೆಲೆ ಸುಮಾರು 2,000 ಡಾಲರ್. 1915ರಲ್ಲಿ ಕ್ಯಾನನ್‌ಬಾಲ್ ಬೇಕರ್ ಅಂತ ಹೆಸರಾದವನು ಬೇರ್‌ಕ್ಯಾಟ್ ಹತ್ತಿ ಸ್ಯಾನ್ ಡಿಯೇಗೋದಿಂದ ನ್ಯೂಯಾರ್ಕಿಗೆ 11 ದಿನ 7 ಗಂಟೆ 15 ನಿಮಿಷದಲ್ಲಿ ಹೋದ. ಆಗ ಅಮೆರಿಕದ ಪಶ್ಚಿಮದ ಕಡೆ ರಸ್ತೆ ಅಂದರೆ ಬಹಳ ಕಡೆ ಗಾಡಿ ಜಾಡು ಅಷ್ಟೇ. ಮರುಭೂಮಿಯಲ್ಲಿ ಕೈಕೊಟ್ಟರೆ ಕೇಳುವವರಿಲ್ಲ.

ಮರ್ಸರ್ ಇಟ್ಟುಕೊಂಡವರಿಗೂ ಸ್ಟಟ್ಜ್ ಇಟ್ಟುಕೊಂಡವರಿಗೂ ಆಗುತ್ತಿರಲಿಲ್ಲ. ಸ್ಟಟ್ಜ್ ಓಡಿಸುವವರಿಗೆ ತಲೆ ಕೆಟ್ಟಿರಬೇಕು ಅಂತ ಅವರು ಪ್ರಾಸ ಕಟ್ಟಿ ಹಾಡುತ್ತಿದ್ದರು, ಮರ್ಸರ್‌ಗಿಂತ ಕೆಟ್ಟ ಕಾರಿಲ್ಲ ಅಂತ ಇವರು ತಿರುಗಿ ಹಾಡುತ್ತಿದ್ದರು. ಒಳಗೊಳಗೇ ಜಗಳವೂ ಇತ್ತು. ರಾಲ್ಫ್ ಡಿ ಪಾಲ್ಮಾ ಮರ್ಸರ್ ರೇಸಿಂಗ್ ತಂಡದ ನಾಯಕ. ಅವನಿಗೆ ಕಂಡರಾಗದ ಬಾರ್ನಿ ಓಲ್ಡ್‌ಫೀಲ್ಡ್‌ನನ್ನು ಕಂಪನಿ ತಂಡಕ್ಕೆ ಸೇರಿಸಿಕೊಂಡಿತು. ಡಿ ಪಾಲ್ಮಾ ರಾಜೀನಾಮೆ ಬಿಸಾಕಿ, ಒಂದು ಹಳೆಯ ಮರ್ಸಿಡಿಸ್ ಹಿಡಿದುಕೊಂಡು 1914ರ ವ್ಯಾಂಡರ್‌ಬಿಲ್ಟ್ ಕಪ್ ರೇಸಿಗೆ ಸಾಂಟಾ ಮೋನಿಕಾಗೆ ಬಂದ. ಕೊನೆಕೊನೆಗೆ ತಾನು ಟೈರಿಗೋಸ್ಕರ ನಿಲ್ಲಿಸುತ್ತೇನೆ ಅನ್ನುವ ಹಾಗೆ ಪಿಟ್ ಕಡೆ ಕೈ ಸನ್ನೆ ಮಾಡಿದ. ಅದನ್ನು ನೋಡಿ ಓಲ್ಡ್‌ಫೀಲ್ಡ್ ಸಮಯ ಸಿಕ್ಕಿತು ಅಂತ ತನ್ನ ಮರ್ಸರ್ ನಿಲ್ಲಿಸಿದ. ಡಿ ಪಾಲ್ಮಾ ನಿಲ್ಲಿಸಲೇ ಇಲ್ಲ. ಗೆದ್ದ.

ಸ್ಪ್ಯಾನರ್ ಸುಬ್ಬಿ:
ವೀಣಕ್ಕ, ಈ ಕತೆ ಎಷ್ಟು ಸಲ ಕೇಳಿದರೂ ಖುಷಿ ಕಣ್ರೀ. ಆದರೂ ನನ್ನ ವೋಟು ಮರ್ಸರ್‌ಗೇ.

ಬರೀ ಓದುಗ:
ಸರಿ, ಕತೆ ಚೆನ್ನಾಗಿದೆ. ಆದರೆ ಇದೆಲ್ಲ ಶ್ರೀಮಂತರ ಮಕ್ಕಳ ಆಟ ಅಲ್ವಾ? ಅದೇ ಹೊತ್ತಿಗೆ ಫೋರ್ಡ್ ಮಾಡೆಲ್ ಟಿ 700 ಡಾಲರ್ ಆಸುಪಾಸಿಗೆ ಸಿಗುತ್ತಿತ್ತು. ರೇಸ್‌ಅಬೌಟ್‌ಗೆ ಅದರ ಮೂರರಷ್ಟು ದುಡ್ಡು. ಸಾಮಾನ್ಯ ಜನರಿಗೆ ಎಟುಕದ ವಸ್ತುವನ್ನು ಇಟ್ಟುಕೊಂಡು ಅಮೆರಿಕನ್ ಪರಂಪರೆ ಅಂತ ಹೇಳುವುದು ಸ್ವಲ್ಪ ಜಾಸ್ತಿ ಆಯಿತು.

ಮೂರುಗೇರು:
ಎಟುಕದವರು ಸುಮ್ನೆ ಕೂರಲಿಲ್ಲ ಓದುಗರೇ. ಅದೇ ಮಾಡೆಲ್ ಟಿ ತಗೊಂಡು ಬಾಡಿ ಕಿತ್ತು ಬಿಸಾಕಿ ಎರಡು ಸೀಟು, ಒಂದು ದುಂಡು ಟ್ಯಾಂಕ್ ಕೂರಿಸಿ ತಮ್ಮದೇ ಸ್ಪೀಡ್‌ಸ್ಟರ್ ಮಾಡಿಕೊಂಡರು. ಅದಕ್ಕೆ ಬೇಕಾದ ಬಾಡಿ ಕಿಟ್, ಸಿಲಿಂಡರ್ ಹೆಡ್ ಮಾರುವ ವ್ಯಾಪಾರವೇ ಬೆಳೆಯಿತು. ಮುಂದೆ ಹಾಟ್ ರಾಡ್ (ವೇಗಕ್ಕೆ ಅಂತ ಮಾರ್ಪಡಿಸಿದ ಹಳೇ ಕಾರು) ಅಂತ ಆದದ್ದರ ಬೇರು ಅಲ್ಲೇ ಇದೆ.

ಕ್ಲಚ್‌ಪ್ಲೇಟ್:
ನನ್ನ ಪ್ರಶ್ನೆ ಬೇರೆ. 1911ರಲ್ಲಿ ಇಷ್ಟು ಚೆನ್ನಾಗಿ ಶುರು ಮಾಡಿದವರು 1953ರವರೆಗೆ ಏನು ಮಾಡುತ್ತಿದ್ದರು? ಮಧ್ಯೆ ಎಲ್ಲ ಖಾಲಿ ಯಾಕೆ?

ಮಿಶಿಗನ್ ಮಾವ:
ಪೂರ್ತಿ ಖಾಲಿ ಅಲ್ಲಪ್ಪ. 1915ಕ್ಕೆ ಮರ್ಸರ್‌ಗೇ ಹೊಸ ಎಂಜಿನ್ ಬಂತು, ಶಕ್ತಿ ಜಾಸ್ತಿಯಾಯಿತು, ಬಾಡಿಗೆ ಪಕ್ಕದ ಗೋಡೆ ಬಂತು, ಕೂರುವುದಕ್ಕೆ ಆರಾಮಾಯಿತು. ವಿಚಿತ್ರ ಅಂದರೆ ಇವತ್ತು ಹಳೇ ಕಾರು ಹುಚ್ಚಿನವರಿಗೆ ಅದು ಅಷ್ಟಾಗಿ ಬೇಡ, ಬೆತ್ತಲೆ ಟೈಪ್ 35ನೇ ಬೇಕು. ಮೂವತ್ತರ ದಶಕದಲ್ಲಿ ಆಬರ್ನ್ 851 ಸ್ಪೀಡ್‌ಸ್ಟರ್ ಇತ್ತು, ಗಾರ್ಡನ್ ಬ್ಯೂರಿಗ್ ಬಿಡಿಸಿದ ದೋಣಿ ಬಾಲದ ಕಾರು. ಎಂಟು ಸಿಲಿಂಡರ್, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್, 150 ಹಾರ್ಸ್‌ಪವರ್. ಡ್ಯಾಶ್‌ಬೋರ್ಡಿನಲ್ಲಿ ಈ ಕಾರು 100 ಮೈಲಿ ದಾಟಿದೆ ಅಂತ ಫಲಕ ಬೇರೆ. ಚೆಂದ ಅಂದರೆ ಚೆಂದ. ಆದರೆ ಆರ್ಥಿಕ ಕುಸಿತದ ಕಾಲ, ಕಂಪನಿ ಮುಳುಗಿತು.

ಉಳಿದಂತೆ ಅಮೆರಿಕದವರಿಗೆ ಬೇಕಿದ್ದದ್ದು ದೊಡ್ಡ ಕಾರು, ಮುಚ್ಚಿದ ಕಾರು, ಹೀಟರ್ ಇರುವ ಕಾರು. ನಾನು ಇಲ್ಲಿ ಒಂದು ಚಳಿಗಾಲ ಕಳೆದ ಮೇಲೆ ಅವರನ್ನು ಬೈಯುವುದು ಬಿಟ್ಟೆ.

ತಿರುವು ಬಂದದ್ದು ಎರಡನೇ ಮಹಾಯುದ್ಧದ ನಂತರ. ಇಂಗ್ಲೆಂಡಿನಲ್ಲಿದ್ದ ಸೈನಿಕರು ಅಲ್ಲಿನ ಚಿಕ್ಕ ಎಂಜಿ ಕಾರುಗಳನ್ನು ನೋಡಿ ಮನಸೋತು ಬಂದರು. ಎಂಜಿ ಟಿಸಿ ಅಂದರೆ 1,250 ಸಿಸಿ, 54 ಹಾರ್ಸ್‌ಪವರ್. ಯುದ್ಧಕ್ಕೆ ಮುಂಚಿನ ವಿನ್ಯಾಸ, ಬಲಗಡೆ ಸ್ಟಿಯರಿಂಗ್ ಬಿಟ್ಟರೆ ಬೇರೆ ಸಿಗುತ್ತಲೇ ಇರಲಿಲ್ಲ. ಆದರೂ ಮೇಲೆ ಬಿದ್ದು ಕೊಂಡರು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಅನ್ನುವ ಹಳ್ಳಿಯಲ್ಲಿ ಸಾರ್ವಜನಿಕ ರಸ್ತೆಯಲ್ಲೇ ರೇಸ್ ಇಟ್ಟರು. ಮಧ್ಯೆ ರೈಲು ಹಳಿ ದಾಟಬೇಕಿತ್ತು, ಅದಕ್ಕೋಸ್ಕರ ರೈಲನ್ನೇ ನಿಲ್ಲಿಸಿದರು. ಗೆದ್ದದ್ದು ಮಾತ್ರ ಇಟಲಿಯ ಆಲ್ಫಾ ರೋಮಿಯೋ. ಕಾರು ಮಾಡುವ ಅಷ್ಟು ದೊಡ್ಡ ದೇಶದಲ್ಲಿ ತಮ್ಮದು ಅನ್ನುವ ಸ್ಪೋರ್ಟ್ಸ್ ಕಾರು ಇಲ್ಲ ಅನ್ನುವ ಉರಿ ಆಗ ಶುರುವಾಯಿತು. ಆ ಉರಿಯಿಂದ ಹುಟ್ಟಿದ್ದೇ ನನಗೆ ಇಷ್ಟವಾದ ಕಾಲ, 1949ರಿಂದ 1955.

ಹಳೇಗಾಡಿ:
ಮಾವ, ಅಲ್ಲಿಂದಲೇ ಮುಂದುವರಿಸಿ. ನಾನು ಕೇಳಿದ್ದೂ ಅದೇ.

ಮಿಶಿಗನ್ ಮಾವ:
ಹಾಗಾದರೆ ಚಿಕ್ಕದರಿಂದ ಶುರು ಮಾಡುತ್ತೇನೆ. ಕ್ರಾಸ್ಲಿ ಹಾಟ್‌ಶಾಟ್, 1949. ಪೊವೆಲ್ ಕ್ರಾಸ್ಲಿ ಸಿನ್ಸಿನಾಟಿಯ ರೇಡಿಯೋ ವ್ಯಾಪಾರಿ, ಊರಿನ ಬೇಸ್‌ಬಾಲ್ ತಂಡವೂ ಅವನದೇ. ಅವನ ಕಾರಿನ ಎಂಜಿನ್ 724 ಸಿಸಿ, ನಮ್ಮ ಮಾರುತಿ 800ಕ್ಕಿಂತ ಚಿಕ್ಕದು, 26.5 ಹಾರ್ಸ್‌ಪವರ್. ಬೆಲೆ 849 ಡಾಲರ್. ಬಾಗಿಲಿಲ್ಲ. ಆದರೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್! ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಅದು ತಾಗಿ ಬ್ರೇಕು ಹಿಡಿದುಕೊಂಡು ಬಿಡುತ್ತಿತ್ತು, ಆಮೇಲೆ ಮತ್ತೆ ಡ್ರಮ್‌ಗೆ ಹೋದರು. 1950ರ ಡಿಸೆಂಬರ್ 31ಕ್ಕೆ ಫ್ಲಾರಿಡಾದ ಸೆಬ್ರಿಂಗ್‌ನಲ್ಲಿ ಮೊದಲ ರೇಸ್ ನಡೆಯಿತು, ಆರು ಗಂಟೆಯದ್ದು. ಎಂಜಿನ್ ಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕುವ ಹ್ಯಾಂಡಿಕ್ಯಾಪ್ ನಿಯಮ. ರೇಸ್ ನೋಡುವುದಕ್ಕೆ ಬಂದವರೊಬ್ಬರ ಹಾಟ್‌ಶಾಟನ್ನು ಕೇಳಿ ಪಡೆದು, ಮುಂದಿನ ಗಾಜು ಬಿಚ್ಚಿ ಓಡಿಸಿದರು. ಅದೇ ಗೆದ್ದಿತು.

ನ್ಯಾಶ್-ಹೀಲಿ, 1951. ಕಾರ್ವೆಟ್‌ಗಿಂತ ಎರಡು ವರ್ಷ ಮೊದಲು ಮಾರಾಟಕ್ಕೆ ಬಂದದ್ದು, ಹಳೇಗಾಡಿ ಅವರೇ ಬರೆದಿಟ್ಟುಕೊಳ್ಳಿ. ಇಂಗ್ಲೆಂಡಿನ ಡೊನಾಲ್ಡ್ ಹೀಲಿ ಕ್ಯಾಡಿಲಾಕ್ ಎಂಜಿನ್ ಕೇಳುವುದಕ್ಕೆ ಅಂತ ಕ್ವೀನ್ ಎಲಿಜಬೆತ್ ಹಡಗಿನಲ್ಲಿ ಅಮೆರಿಕಕ್ಕೆ ಹೊರಟಿದ್ದ. ಹಡಗಿನಲ್ಲಿ ನ್ಯಾಶ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಸಿಕ್ಕ. ಇಬ್ಬರಿಗೂ ಕ್ಯಾಮೆರಾ ಹುಚ್ಚು, ಮಾತು ಬೆಳೆಯಿತು. ಅತ್ತ ಕ್ಯಾಡಿಲಾಕ್ ಎಂಜಿನ್ ಸಿಗಲಿಲ್ಲ, ನ್ಯಾಶ್‌ನವನು ನಮ್ಮದು ತಗೋ ಅಂದ. 1952ರಿಂದ ನಡೆದದ್ದು ಕೇಳಿ. ಎಂಜಿನ್ ವಿಸ್ಕಾನ್ಸಿನ್‌ನ ಕೆನೋಶಾದಿಂದ ಇಂಗ್ಲೆಂಡಿಗೆ, ಅಲ್ಲಿ ಚಾಸಿಗೆ ಕೂರಿಸಿ ಇಟಲಿಗೆ, ಅಲ್ಲಿ ಪಿನಿನ್‌ಫರೀನಾ ಬಾಡಿ ಕಟ್ಟಿ ಮತ್ತೆ ಹಡಗಿನಲ್ಲಿ ಅಮೆರಿಕಕ್ಕೆ. ಬೆಲೆ 6,000 ಡಾಲರ್ ಹತ್ತಿರ ಹೋಯಿತು. ಆಗದೆ ಇನ್ನೇನು? ಅದೇ ವರ್ಷ ಫ್ರಾನ್ಸಿನ 24 ಗಂಟೆಯ ರೇಸ್ ಲೆ ಮಾನ್ಸ್‌ನಲ್ಲಿ ಮೂರನೇ ಸ್ಥಾನ ಬಂದರೂ ಒಟ್ಟು ಕಟ್ಟಿದ್ದು 506 ಕಾರು.

ಕೈಸರ್ ಡ್ಯಾರಿನ್, 1954. ಬಾಗಿಲು ಮುಂದಿನ ಮಡ್‌ಗಾರ್ಡ್ ಒಳಗೆ ಜಾರಿಕೊಂಡು ಹೋಗುತ್ತದೆ. ನೋಡುವುದಕ್ಕೆ ಜಾದೂ. ಹತ್ತಿ ಇಳಿಯುವ ಜಾಗ ಮಾತ್ರ ಕಿರಿದು, ದಪ್ಪಗಿರುವವರು ಆಸೆ ಬಿಡಬೇಕು. 435 ಕಾರಿಗೆ ನಿಂತಿತು.

ವೀಣಾ ವಿಂಟೇಜ್:
ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ಇಲ್ಲದೆ ಈ ಪಟ್ಟಿ ಒಪ್ಪುವುದಿಲ್ಲ. 1950ರಲ್ಲಿ ಎರಡು ಕ್ಯಾಡಿಲಾಕ್ ತಗೊಂಡು ಲೆ ಮಾನ್ಸ್‌ಗೆ ಹೋದ ಪುಣ್ಯಾತ್ಮ. ಒಂದು ಹೆಚ್ಚುಕಡಿಮೆ ಇದ್ದ ಹಾಗೇ ಇದ್ದ ದೊಡ್ಡ ಕಾರು. ಇನ್ನೊಂದಕ್ಕೆ ವಿಮಾನದ ಎಂಜಿನಿಯರ್ ಕೈಯಲ್ಲಿ ಗಾಳಿ ಸೀಳುವ ಬಾಡಿ ಹೊದಿಸಿದ್ದ, ಅದು ಎಷ್ಟು ವಿಕಾರವಾಗಿತ್ತು ಅಂದರೆ ಫ್ರೆಂಚರು ರಾಕ್ಷಸ ಅಂತ ಹೆಸರಿಟ್ಟರು. ರಾಕ್ಷಸನನ್ನು ಸ್ವತಃ ಓಡಿಸಿಕೊಂಡು ಹೋಗಿ ಮರಳಿಗೆ ನುಗ್ಗಿಸಿ, ಸಲಿಕೆಯಿಂದ ಅಗೆದು ಹೊರಗೆ ತಂದು, ಆಮೇಲೂ 11ನೇ ಸ್ಥಾನಕ್ಕೆ ಬಂದ. ಮಾಮೂಲಿ ಕ್ಯಾಡಿಲಾಕ್ 10ನೇದು! ಆಮೇಲೆ ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್‌ನಲ್ಲಿ ತನ್ನದೇ ಕಾರು ಕಟ್ಟಿದ, ಕ್ರೈಸ್ಲರ್‌ನ ಹೆಮಿ ಅನ್ನುವ ವಿ8 (ಎಂಟು ಸಿಲಿಂಡರ್) ಎಂಜಿನ್ ಹಾಕಿ. ಬಿಳಿ ಬಣ್ಣ, ನಡುವೆ ಎರಡು ನೀಲಿ ಪಟ್ಟೆ. 1952ರಲ್ಲಿ ಲೆ ಮಾನ್ಸ್ ನಾಲ್ಕನೇದು, 53ರಲ್ಲಿ ಮೂರನೇದು, 54ರಲ್ಲಿ ಮತ್ತೆ ಮೂರನೇದು. ಗೆಲ್ಲಲೇ ಇಲ್ಲ. ಐದು ವರ್ಷ ಲಾಭ ತೋರಿಸದಿದ್ದರೆ ಅದು ವ್ಯಾಪಾರ ಅಲ್ಲ, ಹವ್ಯಾಸ ಅಂತ ಆಗ ತೆರಿಗೆ ಇಲಾಖೆ ಲೆಕ್ಕ ಹಾಕುತ್ತಿತ್ತು. 1955ಕ್ಕೆ ಬಾಗಿಲು ಹಾಕಿದ.

ಇಷ್ಟು ಜನ ಇಷ್ಟು ಮಾಡಿದ ಮೇಲೂ ಮೊದಲನೇದು ಕಾರ್ವೆಟ್ ಅಂತ ಬರೆಯುತ್ತಾರಲ್ಲ, ಅದಕ್ಕೆ ನನಗೆ ಸಿಟ್ಟು.

ಸ್ಪ್ಯಾನರ್ ಸುಬ್ಬಿ:
ಅಕ್ಕ, ಸಿಟ್ಟು ಸರಿ. ಆದರೆ ಮೆಕ್ಯಾನಿಕ್ ಕಣ್ಣಲ್ಲಿ ನೋಡಿದರೆ ಆ 53ರ ಕಾರ್ವೆಟ್ ಮಜಾ ಕೊಡುತ್ತದೆ. ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಪ್ರದರ್ಶನಕ್ಕೆ ಇಟ್ಟ ಕಾರು. ಜೂನ್ 30ಕ್ಕೆ ಮಿಶಿಗನ್‌ನ ಫ್ಲಿಂಟ್‌ನಲ್ಲಿ ತಯಾರಾಗಿ ಹೊರಗೆ ಬಂತು. ಆರು ತಿಂಗಳೂ ಇಲ್ಲ! ಉಕ್ಕಿನ ಬಾಡಿ ಮಾಡಬೇಕಾದರೆ ಅಚ್ಚುಗಳಿಗೇ ವರ್ಷ ಹಿಡಿಯುತ್ತಿತ್ತು, ಅದಕ್ಕೆ ಫೈಬರ್‌ಗ್ಲಾಸ್. ಅದೂ ದೋಣಿ ಮಾಡುವವರಿಂದ ಕಲಿತ ವಿದ್ಯೆ. ಕ್ಯಾಲಿಫೋರ್ನಿಯಾದಲ್ಲಿ ಬಿಲ್ ಟ್ರಿಟ್ ಅನ್ನುವ ದೋಣಿ ಕೆಲಸದವನು ಅಷ್ಟರಲ್ಲಾಗಲೇ ಜೀಪ್ ಚಾಸಿಗೆ ಫೈಬರ್ ಬಾಡಿ ಕೂರಿಸಿ ತೋರಿಸಿದ್ದ.

ಈಗ ತಮಾಷೆ ನೋಡಿ. ಲೋಹದ ಕಾರಿನಲ್ಲಿ ಬಾಡಿಯೇ ಅರ್ಥ್. ಬಲ್ಬಿಗೆ ಒಂದು ವೈರ್ ಎಳೆದರೆ ಸಾಕು, ವಾಪಸ್ ದಾರಿ ಬಾಡಿಯಲ್ಲೇ ಸಿಗುತ್ತದೆ. ಫೈಬರ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಮೊದಲ ಕಾರುಗಳಲ್ಲಿ ಲೈಟು ಹತ್ತದೆ ಪರದಾಡಿ, ಆಮೇಲೆ ಎಲ್ಲದಕ್ಕೂ ಬೇರೆ ಅರ್ಥ್ ವೈರ್ ಎಳೆದರು. ಫೈಬರ್ ರೇಡಿಯೋ ತರಂಗವನ್ನು ತಡೆಯುವುದಿಲ್ಲವಲ್ಲ, ಅದಕ್ಕೆ ಆಂಟೆನಾವನ್ನು ಡಿಕ್ಕಿ ಮುಚ್ಚಳದ ಒಳಗೇ ಜಾಲರಿ ಮಾಡಿ ಹುದುಗಿಸಿಟ್ಟರು. ಬಾನೆಟ್ ತಗ್ಗು, ಮಾಮೂಲಿ ಕಾರ್ಬುರೇಟರ್ ಹಿಡಿಸುವುದಿಲ್ಲ, ಪಕ್ಕಕ್ಕೆ ಮೂರು ಕಾರ್ಟರ್ ಕಾರ್ಬುರೇಟರ್ ಜೋಡಿಸಿ 150 ಹಾರ್ಸ್‌ಪವರ್ ತೆಗೆದರು. ಒಂದೊಂದು ಕಡೆಯೂ ಇಕ್ಕಟ್ಟಿಗೆ ಸಿಕ್ಕಿ ಹುಡುಕಿಕೊಂಡ ಉಪಾಯ ಕಾಣುತ್ತದೆ. ಆ ವರ್ಷ 300 ಕಾರು, ಎಲ್ಲ ಬಿಳಿ, ಎಲ್ಲದರ ಒಳಗೂ ಕೆಂಪು.

ಬರೀ ಓದುಗ:
ಆದರೂ ಸೊನ್ನೆಯಿಂದ 60 ಮೈಲಿಗೆ 11 ಸೆಕೆಂಡ್ ಬೇಕಿತ್ತು. ಅದೇ ದುಡ್ಡಿನ ಆಸುಪಾಸಿಗೆ ಜಾಗ್ವಾರ್ ಎಕ್ಸ್‌ಕೆ 120 ಸಿಗುತ್ತಿತ್ತು, ಅದರ ಹೆಸರಲ್ಲೇ ವೇಗ ಇದೆ, 120 ಮೈಲಿ. 1954ರಲ್ಲಿ ಕಾರ್ವೆಟ್ 3,640 ಮಾಡಿ ಸಾವಿರಕ್ಕೂ ಜಾಸ್ತಿ ಮಾರಾಟವಾಗದೆ ಉಳಿದವು. 1955ರಲ್ಲಿ ಮಾಡಿದ್ದೇ 700. ಅದೇ ವರ್ಷ ಫೋರ್ಡ್ ಥಂಡರ್‌ಬರ್ಡ್ 16,000 ದಾಟಿತು. ಜನ ಆಗಲೇ ತೀರ್ಪು ಕೊಟ್ಟಿದ್ದರು. ಈಗ ಹರಾಜಿನಲ್ಲಿ ಬೆಲೆ ಏರಿದೆ ಅಂತ ಅದು ಒಳ್ಳೆಯ ಕಾರಾಗುವುದಿಲ್ಲ.

ಮೂರುಗೇರು:
ಓದುಗರ ಲೆಕ್ಕ ಎಲ್ಲ ಸರಿ. ಥಂಡರ್‌ಬರ್ಡ್‌ಗೆ ಕಿಟಕಿ ಗಾಜು ಇತ್ತು, ಉಕ್ಕಿನ ಬಾಡಿ ಇತ್ತು, ವಿ8 ಇತ್ತು. ಫೋರ್ಡ್‌ನವರೇ ಅದನ್ನು ಸ್ಪೋರ್ಟ್ಸ್ ಕಾರು ಅನ್ನಲಿಲ್ಲ, 1958ಕ್ಕೆ ನಾಲ್ಕು ಸೀಟು ಮಾಡಿ ಸುಮ್ಮನಾದರು.

ಕಾರ್ವೆಟ್ ಉಳಿದದ್ದರ ಹಿಂದೆ ಜೋರಾ ಆರ್ಕಸ್-ಡಂಟೊವ್ ಇದ್ದಾನೆ. ಹುಟ್ಟಿದ್ದು ಬ್ರಸೆಲ್ಸ್, ಅಪ್ಪ ಅಮ್ಮ ರಷ್ಯಾದವರು, ಓದಿದ್ದು ಬರ್ಲಿನ್. ಯುದ್ಧದ ಕಾಲಕ್ಕೆ ಯುರೋಪು ಬಿಟ್ಟು ನ್ಯೂಯಾರ್ಕಿಗೆ ಬಂದು ತಮ್ಮನ ಜೊತೆ ಫೋರ್ಡ್ ವಿ8ಗೆ ಆರ್ಡನ್ ಅನ್ನುವ ಸಿಲಿಂಡರ್ ಹೆಡ್ ಮಾಡಿ ಮಾರಿದವನು. ಆ ಹೋಟೆಲ್ ಪ್ರದರ್ಶನದಲ್ಲಿ ಕಾರ್ವೆಟ್ ನೋಡಿ, ರೂಪಕ್ಕೆ ಮರುಳಾಗಿ, ಕೆಲಸ ಕೇಳಿ ಷೆವರ್ಲೆಯ ಒಡೆಯ ಕಂಪನಿ ಜಿಎಂ (ಜನರಲ್ ಮೋಟಾರ್ಸ್) ಸೇರಿದ. 1953ರ ಡಿಸೆಂಬರ್‌ನಲ್ಲಿ ಮೇಲಿನವರಿಗೆ ಒಂದು ಪತ್ರ ಬರೆದ. ಹುಡುಗರು ಓದುವ ಪತ್ರಿಕೆಗಳಲ್ಲೆಲ್ಲ ಫೋರ್ಡೇ ತುಂಬಿದೆ, ಅವರು ದುಡಿಯುವ ವಯಸ್ಸಿಗೆ ಬಂದಾಗ ಕೊಳ್ಳುವುದೂ ಫೋರ್ಡೇ, ನಾವು ಬರಲಿರುವ ವಿ8ಗೆ ರೇಸಿನ ಬಿಡಿಭಾಗ ಮಾಡಿ ಕೈಗೆ ಸಿಗುವ ಹಾಗೆ ಇಡಬೇಕು ಅಂತ. ಕೆಲಸಕ್ಕೆ ಸೇರಿ ವರ್ಷವೂ ಆಗದವನು ಹೀಗೆ ಬರೆದದ್ದು! 1955ಕ್ಕೆ ವಿ8 ಬಂತು, 195 ಹಾರ್ಸ್‌ಪವರ್. 1956ಕ್ಕೆ ಬಾಡಿ ಬದಲಾಯಿತು, ಕಿಟಕಿ ಗಾಜು ಬಂತು. 1957ಕ್ಕೆ ಫ್ಯೂಯಲ್ ಇಂಜೆಕ್ಷನ್, 283 ಹಾರ್ಸ್‌ಪವರ್, ನಾಲ್ಕು ಗೇರಿನ ಮ್ಯಾನ್ಯುಯಲ್. ನಾಲ್ಕು ವರ್ಷದಲ್ಲಿ ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟು.

1960ರಲ್ಲಿ ವೀಣಾ ಅವರ ಅದೇ ಕನ್ನಿಂಗ್‌ಹ್ಯಾಮ್ ಕಾರ್ವೆಟ್‌ಗಳನ್ನು ಲೆ ಮಾನ್ಸ್‌ಗೆ ತಗೊಂಡು ಹೋದ. ಕೊನೆಗೆ ಒಂದೇ ಉಳಿಯಿತು, ಅದರಲ್ಲೂ ಕೂಲಂಟ್ ಖಾಲಿ. ನಿಯಮದ ಪ್ರಕಾರ ಮಧ್ಯೆ ನೀರು ತುಂಬುವಂತಿಲ್ಲ. ಮಂಜುಗಡ್ಡೆ ತಂದು ಎಂಜಿನ್ ಸುತ್ತ ತುರುಕಿ ಕಳಿಸಿದರು. ಒಟ್ಟಾರೆ 8ನೇ ಸ್ಥಾನ, ಅದರ ವರ್ಗದಲ್ಲಿ ಮೊದಲನೇದು.

ಕ್ಲಚ್‌ಪ್ಲೇಟ್:
ಐಸ್ ಹಾಕಿ ಓಡಿಸಿದ್ದಾ? ನಮ್ಮ ಘಾಟಿ ಲಾರಿ ಡ್ರೈವರ್‌ಗಳಿಗೆ ಹೇಳಬೇಕು ಇದನ್ನ.

ಅಜ್ಜನ ಲಾರಿ:
ಲಾರಿ ಅಂದಿರಲ್ಲ, ಅದಕ್ಕೇ ಬಂದೆ. ಕಾರ್ವೆಟ್‌ನ ಆ ಆರು ಸಿಲಿಂಡರ್ ಎಂಜಿನ್ ಇದೆಯಲ್ಲ, 235 ಘನ ಇಂಚಿನದ್ದು, ಅದು ಷೆವರ್ಲೆ ಲಾರಿಗಳಿಗೂ ಹಾಕುತ್ತಿದ್ದ ಎಂಜಿನ್ ಮನೆತನದ್ದೇ. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಮುಂಬೈನ ಶಿವ್ಡಿಯಲ್ಲಿ ಕಾರು, ಲಾರಿ ಜೋಡಿಸುತ್ತಿತ್ತು. ನಮ್ಮಜ್ಜ ಆ ಕಾಲದ ಷೆವರ್ಲೆ ಲಾರಿಗಳ ಎಂಜಿನ್ ಬಿಚ್ಚಿ ಜೋಡಿಸಿದವರು. ಟ್ಯಾಪೆಟ್ ಶಬ್ದ ಕೇಳಿಯೇ ಯಾವ ಸಿಲಿಂಡರ್ ಅಂತ ಹೇಳುತ್ತಿದ್ದರು. ಅವರನ್ನು ಫ್ಲಿಂಟ್‌ನ ಆ ಬಿಳಿ ಕಾರಿನ ಬಾನೆಟ್ ಮುಂದೆ ನಿಲ್ಲಿಸಿದ್ದರೆ ಮೂರು ಕಾರ್ಬುರೇಟರ್ ಟ್ಯೂನ್ ಮಾಡುವುದಕ್ಕೆ ಬೈದುಕೊಳ್ಳುತ್ತಿದ್ದರು, ಉಳಿದದ್ದಕ್ಕೆ ಮ್ಯಾನ್ಯುಯಲ್ ಬೇಕಿರಲಿಲ್ಲ.

ಮಿಶಿಗನ್ ಮಾವ:
ನೋಡಿ, ಓದುಗರು ಕೇಳಿದ್ದಕ್ಕೆ ಅಜ್ಜನ ಕಡೆಯಿಂದಲೇ ಉತ್ತರ ಬಂತು. ಈ ಕಾರುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಬಾನೆಟ್ ಎತ್ತಿದರೆ ಅರ್ಥವಾಗದ್ದು ಏನೂ ಇಲ್ಲ. ಇದು ಸೆಡಾನ್‌ನ ಸಸ್ಪೆನ್ಷನ್, ಇದು ಲಾರಿ ಎಂಜಿನ್, ಇದು ದೋಣಿಯವರ ಬಾಡಿ ಅಂತ ಬೆರಳಿಟ್ಟು ತೋರಿಸಬಹುದು. ಕೈಗೆ ಸಿಕ್ಕಿದ್ದನ್ನು ಹಿಡಿದು ಅವಸರದಲ್ಲಿ ಕಟ್ಟಿದ್ದಾರೆ, ಆ ಅವಸರ ಮುಚ್ಚಿಟ್ಟಿಲ್ಲ. ಅದೇ ಕಾಲದ ಫೆರಾರಿ ಮುಂದೆ ನಿಂತರೆ ಕೈ ಕಟ್ಟಿಕೊಂಡು ನಿಲ್ಲುತ್ತೇನೆ. ಹಾಟ್‌ಶಾಟ್ ಮುಂದೆ ನಿಂತರೆ ಒಂದು ಸ್ಪ್ಯಾನರ್ ಕೊಡಿ ಅನ್ನಿಸುತ್ತದೆ. ಒಳ್ಳೆಯ ಕಾರಾ ಅಂದರೆ ಅಲ್ಲ. ನನಗೆ ಬೇಕಾ ಅಂದರೆ ಬೇಕು.

ಬರೀ ಓದುಗ:
ಈ ಮಾತು ಒಪ್ಪುತ್ತೇನೆ ಮಾವ. ಆದರೆ ಆ ಅವಸರವನ್ನು ಈಗ ಯಾರು ಉಳಿಸಿಕೊಂಡಿದ್ದಾರೆ? ಹರಾಜಿಗೆ ಬರುವ ಕಾರು ನೋಡಿ, ಹೊಸ ಫ್ರಿಜ್ ಹಾಗೆ ಹೊಳೆಯುತ್ತವೆ. 53ರ ಕಾರ್ಖಾನೆಯಲ್ಲಿ ಅಂಥ ಪೇಂಟು, ಅಂಥ ಫಿಟ್ಟಿಂಗ್ ಎಲ್ಲಿತ್ತು?

ವೀಣಾ ವಿಂಟೇಜ್:
ಅಲ್ಲೇ ಇರುವುದು ನಿಜವಾದ ಜಗಳ. ಕಾರ್ವೆಟ್ ರಿಪೇರಿ ಹುಚ್ಚರದ್ದೇ ಒಂದು ಸಂಘ ಇದೆ, ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ, 1974ರಿಂದ ಇದೆ. ಅವರ ತೀರ್ಪುಗಾರರು ನೋಡುವುದು ಎಷ್ಟು ಚೆಂದ ಇದೆ ಅಂತ ಅಲ್ಲ, ಕಾರ್ಖಾನೆಯಿಂದ ಹೇಗೆ ಹೊರಗೆ ಬಂತೋ ಹಾಗಿದೆಯಾ ಅಂತ. ಕೆಲಸದವರು ಸೀಮೆಸುಣ್ಣದಲ್ಲಿ ಹಾಕಿದ ಗುರುತು ಕೂಡ ಲೆಕ್ಕಕ್ಕೆ ಬರುತ್ತದೆ. ಬಾಡಿ ತೀರಾ ನಯವಾಗಿದ್ದರೆ ಅಂಕ ಹೋಗುತ್ತದೆ. ಅಂದರೆ ಈಗಿನ ಕುಶಲಕರ್ಮಿ ಕೂತು 1953ರ ಒರಟು ಕೆಲಸವನ್ನು ನಾಜೂಕಾಗಿ ನಕಲು ಮಾಡಬೇಕು. ನನಗೇನೋ ಇದು ಅತಿ ಅನ್ನಿಸುತ್ತದೆ, ಆದರೆ ಫ್ರಿಜ್‌ಗಿಂತ ವಾಸಿ.

ಮರ್ಸರ್, ಸ್ಟಟ್ಜ್ ಕಡೆ ಇನ್ನೊಂದು ತಲೆನೋವು. ಬಾಡಿಯೇ ಇಲ್ಲದ ಕಾರು ತಾನೆ, ನಾಲ್ಕೈದು ಜನ ಕೂರುವ ಅದೇ ಕಂಪನಿಯ ಕಾರು ಸಿಕ್ಕರೆ ಮೇಲಿನದ್ದು ಕಿತ್ತು ಎರಡು ಸೀಟು ಹಾಕಿ ಬೇರ್‌ಕ್ಯಾಟ್ ಅಂದುಬಿಡಬಹುದು. ಹಾಗೆ ಆದದ್ದು ಬೇಕಾದಷ್ಟಿದೆ. ಚಾಸಿ, ಎಂಜಿನ್ ನಂಬರ್, ಹಳೆಯ ಫೋಟೋ, ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ಕಾಗದ, ಇದಿಷ್ಟೂ ಕೂಡಿ ಬರದೆ ನಂಬುವ ಹಾಗಿಲ್ಲ.

ಹಳೇಗಾಡಿ:
ಧರ್ಮಸ್ಥಳದ ಮ್ಯೂಸಿಯಂನಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಮ್ಯೂಸಿಯಂನಲ್ಲಿ ಹಳೇ ಕಾರುಗಳನ್ನು ನೋಡಿದ್ದೇನೆ. ಈ ಜಾತಿಯವನ್ನು ಕಣ್ಣಾರೆ ನೋಡಬೇಕು ಅಂದರೆ ಅಲ್ಲಿ ಎಲ್ಲಿಗೆ ಹೋಗಬೇಕು ಮಾವ?

ಮಿಶಿಗನ್ ಮಾವ:
ಮರ್ಸರ್ ಬೇಕಾದರೆ ಫ್ಲಾರಿಡಾದ ನೇಪಲ್ಸ್‌ನಲ್ಲಿರುವ ರೆವ್ಸ್ ಇನ್‌ಸ್ಟಿಟ್ಯೂಟ್. ವೀಣಾ ಅವರ ಕನ್ನಿಂಗ್‌ಹ್ಯಾಮ್ ಕಾರುಗಳೂ ಅಲ್ಲೇ ಇವೆ. ಆಬರ್ನ್ ಬೇಕಾದರೆ ಇಂಡಿಯಾನಾದ ಆಬರ್ನ್ ಊರಿಗೇ ಹೋಗಬೇಕು, ಕಂಪನಿಯ ಹಳೇ ಶೋರೂಮನ್ನೇ ಮ್ಯೂಸಿಯಂ ಮಾಡಿದ್ದಾರೆ. ಕಾರ್ವೆಟ್‌ಗೆ ಕೆಂಟಕಿಯ ಬೌಲಿಂಗ್ ಗ್ರೀನ್. 2014ರಲ್ಲಿ ಆ ಮ್ಯೂಸಿಯಂನ ನೆಲ ಕುಸಿದು ಎಂಟು ಕಾರ್ವೆಟ್ ಗುಂಡಿಗೆ ಬಿದ್ದವು, ಐದನ್ನು ರಿಪೇರಿ ಮಾಡದೆ ಜಜ್ಜಿದ ಹಾಗೇ ಉಳಿಸಿದ್ದಾರೆ. ನಮ್ಮ ಮಿಶಿಗನ್‌ನಲ್ಲಿ ಹಿಕೊರಿ ಕಾರ್ನರ್ಸ್‌ನ ಗಿಲ್ಮೋರ್ ಮ್ಯೂಸಿಯಂ, ಒಂದು ದಿನ ಸಾಲುವುದಿಲ್ಲ. ಓಡುವ ಕಾರು ನೋಡಬೇಕಿದ್ದರೆ ಆಗಸ್ಟ್ ಮೂರನೇ ಶನಿವಾರ ಡೆಟ್ರಾಯ್ಟ್ ಪಕ್ಕದ ವುಡ್‌ವರ್ಡ್ ರಸ್ತೆಗೆ ಬನ್ನಿ. ಬೆಳಗ್ಗೆ ಬೇಗ ಬರಬೇಕು, ಆಮೇಲೆ ಕಾರು ನಿಲ್ಲಿಸುವುದಕ್ಕೆ ಜಾಗ ಸಿಗುವುದಿಲ್ಲ, ಮಡಚುವ ಕುರ್ಚಿ ನೀವೇ ತರಬೇಕು.

ಸ್ಪ್ಯಾನರ್ ಸುಬ್ಬಿ:
ಗಿಲ್ಮೋರ್‌ನಲ್ಲಿ ಬಾನೆಟ್ ಎತ್ತಿ ತೋರಿಸುತ್ತಾರಾ ಮಾವ? ಬರೀ ಹೊರಗಿಂದ ನೋಡುವುದಾದರೆ ಫೋಟೋ ಸಾಕು.

ಮಿಶಿಗನ್ ಮಾವ:
ಒಳಗಿಟ್ಟ ಕಾರುಗಳಿಗೆ ಹಗ್ಗ ಕಟ್ಟಿರುತ್ತಾರೆ. ಬೇಸಿಗೆಯಲ್ಲಿ ಅಂಗಳದಲ್ಲಿ ಮಾಲೀಕರೇ ಕಾರು ತಂದು ನಿಲ್ಲಿಸುವ ದಿನಗಳಿರುತ್ತವೆ, ಆಗ ಹೋಗಿ. ಡಿಸ್ಟ್ರಿಬ್ಯೂಟರ್ ಬಗ್ಗೆ ಒಂದು ಪ್ರಶ್ನೆ ಕೇಳಿ ಸಾಕು, ಬಾನೆಟ್ ತಾನಾಗಿ ಮೇಲೆ ಹೋಗುತ್ತದೆ. ಆಮೇಲೆ ಅವರು ನಿಮ್ಮನ್ನು ಬಿಡುವುದಿಲ್ಲ, ಊಟದ ಹೊತ್ತು ನೋಡಿಕೊಂಡು ಕೇಳಿ.